ಪಾರ್ಕ್ ಯಂಗ್-ಹ್ಯೊ

ಪಾರ್ಕ್ ಯಂಗ್-ಹ್ಯೊ (1861–1939) ಕೊರಿಯಾದ ಜೊಸೆನ್ ರಾಜವಂಶದ ಕೊನೆಗಾಲದ ಕುಲೀನ, ರಾಜಕಾರಣಿ ಹಾಗೂ ಸುಧಾರಣಾವಾದಿ. ಈತನು ದೊರೆ ಚೊಲ್ಜಾಂಗನ ಅಳಿಯ.

ಬನ್ನಾಮ್ ಪಾರ್ಕ್ ಮನೆತನದಲ್ಲಿ ಜನಿಸಿದ ಈತನಿಗೆ 1872ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಚೊಲ್ಜಾಂಗನ ಮಕ್ಕಳಲ್ಲಿ ಬದುಕುಳಿದಿದ್ದ ಏಕೈಕ ಪುತ್ರಿ ಯೊಂಗ್ಹ್ಯೆಯೊಡನೆ ವಿವಾಹವಾಯಿತು. ಅಷ್ಟರಲ್ಲಿ ಮಾವ ಗತಿಸಿ ಎಂಟು ವರ್ಷಗಳಾಗಿದ್ದವು, ಗೊಜಾಂಗ್ ಪಟ್ಟದಲ್ಲಿದ್ದನು. ಕೆಲವೇ ತಿಂಗಳಲ್ಲಿ ರಾಜಕುಮಾರಿಯೂ ತೀರಿಕೊಂಡಳು. ದಾಂಪತ್ಯ ಮುಗಿದರೂ ಅಳಿಯತನ ಮುಗಿಯಲಿಲ್ಲ. ಜೊಸೆನ್ ಪದ್ಧತಿಯಂತೆ ಅರಸನ ಅಳಿಯನಿಗೆ ಬಿರುದು, ಉನ್ನತ ದರ್ಜೆ ಲಭಿಸುತ್ತಿದ್ದವು. ಆದರೆ ಆತ ವಿಧಿವತ್ತಾಗಿ ಮರುಮದುವೆಯಾಗುವಂತಿರಲಿಲ್ಲ, ಆಡಳಿತದ ಹುದ್ದೆಗಳಿಂದಲೂ ದೂರವಿರಬೇಕಾಗಿತ್ತು. ಮುಂದೆ ಈತ ಅಧಿಕಾರಕ್ಕೇರಿದ್ದು ಆ ಕಟ್ಟಳೆಯನ್ನು ಮೀರಿಯೇ.

1882ರ ಸೈನಿಕ ದಂಗೆಯ ತರುವಾಯ ಈತನನ್ನು ರಾಯಭಾರಿಯಾಗಿ ಜಪಾನಿಗೆ ಕಳುಹಿಸಲಾಯಿತು. ಆ ಪ್ರಯಾಣದಲ್ಲಿ ಈತ ಬಳಸಿದ ಧ್ವಜವೇ ಇಂದಿನ ದಕ್ಷಿಣ ಕೊರಿಯಾದ ಬಾವುಟವಾದ ತೇಗುಕ್ಗಿಯ ಪೂರ್ವರೂಪ. ವಿನ್ಯಾಸವೂ ಈತನದೇ ಎಂದು ಬಹುಕಾಲ ನಂಬಲಾಗಿತ್ತು. ಆದರೆ ಅದೇ ವರ್ಷದ ಜುಲೈನಲ್ಲಿ, ಅಂದರೆ ಈ ಪ್ರಯಾಣಕ್ಕೂ ಮೊದಲೇ, ಅಮೆರಿಕದ ನೌಕಾಪಡೆ ಹೊರತಂದ ಧ್ವಜಗಳ ಗ್ರಂಥದಲ್ಲಿ ಇಂಥದೇ ಚಿತ್ರ ಕಂಡುಬಂದಿರುವುದರಿಂದ ಆ ಮಾತು ನಿಲ್ಲುವುದಿಲ್ಲ.

ಹಿಂದಿರುಗಿದ ಮೇಲೆ ಈತನು ರಾಜಧಾನಿ ಹಾನ್ಸೊಂಗಿನ (ಇಂದಿನ ಸೋಲ್) ಆಡಳಿತಾಧಿಕಾರಿಯಾಗಿ ರಸ್ತೆಗಳ ಸುಧಾರಣೆ ಹಾಗೂ ವೃತ್ತಪತ್ರಿಕೆಯ ಯೋಜನೆಗೆ ಕೈಹಾಕಿದನು. ಕೆಲವೇ ತಿಂಗಳಲ್ಲಿ ಆ ಸ್ಥಾನ ಕೈತಪ್ಪಿತು. 1884ರ ಡಿಸೆಂಬರ್ 4ರಂದು ಅಂಚೆ ಕಚೇರಿಯ ಉದ್ಘಾಟನೆಯ ಔತಣದ ಸಮಯದಲ್ಲಿ ಕಿಮ್ ಓಕ್-ಗ್ಯುನ್ ಮೊದಲಾದವರೊಡನೆ ಸೇರಿ ನಡೆಸಿದ ಗಾಪ್ಸಿನ್ ಕ್ಷಿಪ್ರಕ್ರಾಂತಿಯನ್ನು ಚೀನೀ ಪಡೆಗಳು ಮೂರೇ ದಿನಗಳಲ್ಲಿ ಅಡಗಿಸಿದವು. ಈತ ಜಪಾನಿಗೆ ಪಲಾಯನ ಮಾಡಿದನು; ಅಣ್ಣ ಯಂಗ್-ಗ್ಯೊ ಹತನಾದನು. ಸುಧಾರಣೆಯ ಹಂಬಲ ಪ್ರಾಮಾಣಿಕವಾಗಿದ್ದರೂ ಜಪಾನೀ ಸೈನ್ಯವನ್ನು ನೆಚ್ಚಿದ್ದು ಈ ಕ್ರಾಂತಿಯ ದೊಡ್ಡ ದೌರ್ಬಲ್ಯವೆನ್ನಬೇಕು.

ಪರದೇಶವಾಸದಲ್ಲಿದ್ದಾಗ 1888ರಲ್ಲಿ ಆಡಳಿತ, ಕಾನೂನು, ಶಿಕ್ಷಣಗಳ ಸುಧಾರಣೆಯನ್ನು ಕೋರಿ ಗೊಜಾಂಗನಿಗೆ ದೀರ್ಘವಾದ ಬಿನ್ನವತ್ತಳೆಯೊಂದನ್ನು ಬರೆದನು. 1894ರಲ್ಲಿ ಜಪಾನಿನ ಬೆಂಬಲದಿಂದ ಮರಳಿ ಒಳಾಡಳಿತ ಸಚಿವನಾದನು. ಮರುವರ್ಷ ರಾಜದ್ರೋಹದ ಆರೋಪ ಹೊತ್ತು ಮತ್ತೆ ಜಪಾನಿಗೆ ಓಡಬೇಕಾಯಿತು. 1907ರಲ್ಲಿ ಹಿಂದಿರುಗಿದಾಗ, ಗೊಜಾಂಗನ ಪದತ್ಯಾಗವನ್ನು ವಿರೋಧಿಸಿದ್ದಕ್ಕಾಗಿ ಜೇಜು ದ್ವೀಪಕ್ಕೆ ಗಡಿಪಾರಾದನು.

ಹೀಗೆ ಅರಸನ ಪಕ್ಷ ವಹಿಸಿದವನೇ 1910ರಲ್ಲಿ ಕೊರಿಯಾ ಜಪಾನಿನ ವಶವಾದಾಗ ಜಪಾನಿನಿಂದ ಮಾರ್ಕ್ವೆಸ್ ಪದವಿಯನ್ನು ಸ್ವೀಕರಿಸಿದನು. 1920ರಲ್ಲಿ ಡೊಂಗ್-ಎ ಇಲ್ಬೊ ಪತ್ರಿಕೆಯ ಮೊದಲ ಅಧ್ಯಕ್ಷನಾದನು. 1932ರಲ್ಲಿ ಜಪಾನಿನ ಸಂಸತ್ತಿನ ಮೇಲ್ಮನೆಯ ಸದಸ್ಯನಾದನು. 1939ರಲ್ಲಿ ನಿಧನ ಹೊಂದಿದನು. 2009ರಲ್ಲಿ ಕೊರಿಯಾದಲ್ಲಿ ಪ್ರಕಟವಾದ, ಜಪಾನಿನೊಡನೆ ಸಹಕರಿಸಿದವರ ಚರಿತ್ರಕೋಶದಲ್ಲಿ ಈತನ ಹೆಸರೂ ಸೇರಿದೆ.