ಕಬ್ಬಿನ ಗದ್ದೆಯಲ್ಲಿ ಚಿರತೆ

ಕಾಡಿಲ್ಲದ ಕಡೆ ಚಿರತೆ ಹೇಗೆ ಬಂತೆಂದು ಅಮೃತಹಳ್ಳಿಯ ಹಿರಿಯ ರೈತರೊಬ್ಬರು ಕೇಳಿದರು. 2016ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೂರ್ವದಂಚಿನ ಶಾಲೆಯೊಂದಕ್ಕೆ ಚಿರತೆ ನುಗ್ಗಿ, ಹಿಡಿಯಹೋದವರನ್ನು ಗಾಯಗೊಳಿಸಿದಂದಿನಿಂದ ಈ ಪ್ರಶ್ನೆ ಅನೇಕರದು.

ಚಿರತೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಮರೆ, ನೀರು, ಆಹಾರವಿದ್ದರೆ ಸಾಕು. ಮಂಡ್ಯದ ಕಡೆ ನಾವೇ ಬೆಳೆಸಿದ ಕಬ್ಬು ಆಳೆತ್ತರ ಮೀರಿ ತಿಂಗಳುಗಟ್ಟಲೆ ನಿಂತಿರುತ್ತದೆ. ಪಕ್ಕದಲ್ಲೇ ಕಾಲುವೆ, ಊರ ಸುತ್ತ ಬೀದಿನಾಯಿ, ಕುರಿ, ಮೇಕೆ. ಹೆಣ್ಣು ಚಿರತೆ ಅಲ್ಲಿಯೇ ಮರಿ ಹಾಕುವುದೂ ಉಂಟು.

ಕಟಾವಿನಲ್ಲಿ ಮರಿ ಕಂಡರೆ ಎತ್ತಿಕೊಂಡು ಬರಬೇಡಿ. ತಾಯಿ ಹತ್ತಿರದಲ್ಲೇ ಇರುವ ಸಂಭವವಿದೆ. ಕೆಲಸ ನಿಲ್ಲಿಸಿ, ಆಳುಗಳನ್ನು ಹಿಂದಕ್ಕೆ ಕರೆದು, ಅರಣ್ಯ ಇಲಾಖೆಗೆ ತಿಳಿಸಿ. ಮರಿಯನ್ನು ಇದ್ದಲ್ಲಿಯೇ ಬಿಟ್ಟರೆ ಸಾಮಾನ್ಯವಾಗಿ ರಾತ್ರಿ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ಒಂದು ದಿನದ ಕೂಲಿ ನಷ್ಟವಾಗುವುದು ನಿಜ; ಜೀವಕ್ಕಿಂತ ಹೆಚ್ಚಲ್ಲ.

ಬೋನಿಟ್ಟು ಹಿಡಿದು ದೂರ ಬಿಡಿಸಿರೆಂದು ಹಲವರು ಒತ್ತಾಯಿಸುತ್ತಾರೆ. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರಿಂದ ಹೀಗೆ ಮಾಡಿದಾಗ ಜನರ ಮೇಲಿನ ದಾಳಿ ತಗ್ಗುವ ಬದಲು ಹೆಚ್ಚಿತು. ಕುರಿ ಮೇಕೆಗಳನ್ನು ರಾತ್ರಿ ಮೇಲೆ ಹೊದಿಕೆಯಿರುವ, ಬಾಗಿಲು ಭದ್ರವಾದ ಕೊಟ್ಟಿಗೆಯಲ್ಲಿ ಕೂಡಿ. ಸತ್ತ ಕೋಳಿಗಳನ್ನು ಬಯಲಿಗೆಸೆಯದೆ ಆಳವಾಗಿ ಹೂಳಿ. ಅವಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ.