ಒಂಬತ್ತು ಬಾರ್ ಒತ್ತಡವೂ ಕೊಳವೆಬಾವಿಯ ನೀರೂ

ಎಸ್ಪ್ರೆಸೊ ಎಂಬುದು ಕಾಫಿಬೀಜದ ತಳಿಯೂ ಅಲ್ಲ, ಹುರಿಯುವ ಬಗೆಯೂ ಅಲ್ಲ. ನುಣ್ಣಗೆ ಬೀಸಿ ಅದುಮಿದ ಪುಡಿಯ ಮೂಲಕ 90ರಿಂದ 96 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರನ್ನು ಸುಮಾರು 9 ಬಾರ್, ಅಂದರೆ ವಾತಾವರಣದ ಒತ್ತಡದ ಒಂಬತ್ತರಷ್ಟು, ಒತ್ತಡದಲ್ಲಿ ಹಾಯಿಸಿ ಅರ್ಧ ನಿಮಿಷದಲ್ಲಿ ರಸ ಇಳಿಸುವ ವಿಧಾನವದು. ಮನೆಯ ಸ್ಟೀಲ್ ಫಿಲ್ಟರಿನಲ್ಲಿ ನೀರು ತನ್ನ ಭಾರದಿಂದಲೇ ತೊಟ್ಟಿಕ್ಕುವುದರಿಂದ ಡಿಕಾಕ್ಷನ್ನಿಗೆ ಕಾಲು ಗಂಟೆ ಕಾಯಬೇಕಾಗುತ್ತದೆ. ಇಟಲಿಯ ಲುಯಿಜಿ ಬೆಜ್ಜೆರಾ 1901ರಲ್ಲಿ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಕೋರಿದ. ಎರಡನೆಯ ಮಹಾಯುದ್ಧದ ನಂತರ ಅಕಿಲ್ಲೆ ಗಾಜ್ಜಿಯಾನ ಸನ್ನೆಯ ಯಂತ್ರ ಒತ್ತಡವನ್ನು ಹೆಚ್ಚಿಸಿ ಲೋಟದ ಮೇಲೆ ಹೊಂಬಣ್ಣದ ನೊರೆಯನ್ನು ತಂದಿತು. 1961ರಲ್ಲಿ ಫೇಮಾ ಕಂಪನಿಯ ಇ61 ಯಂತ್ರ ಆ ಕೆಲಸವನ್ನು ವಿದ್ಯುತ್ ಪಂಪಿಗೆ ಒಪ್ಪಿಸಿತು. ಪಂಪು ಒತ್ತಡ ಕೊಡುತ್ತದೆ, ಆದರೆ ಪುಡಿ ಬೀಸುವುದು, ತೂಗುವುದು, ಅದುಮುವುದು, ಸಮಯಕ್ಕೆ ನಿಲ್ಲಿಸುವುದು ಎಲ್ಲವೂ ಮನುಷ್ಯನ ಕೈಯಲ್ಲೇ ಉಳಿಯುತ್ತವೆ ಎಂಬ ಕಾರಣಕ್ಕೆ ಇಂಥದ್ದನ್ನು ಅರೆಸ್ವಯಂಚಾಲಿತ ಯಂತ್ರ ಎನ್ನುತ್ತಾರೆ.

ಕೊಡಗು, ಚಿಕ್ಕಮಗಳೂರು, ಹಾಸನಗಳ ಬೀಜವನ್ನು ಬಹುಕಾಲದಿಂದ ಕೊಳ್ಳುತ್ತ ಬಂದಿರುವ ದೇಶವೂ ಇಟಲಿಯೇ. ಅಲ್ಲಿನ ಮಿಶ್ರಣಗಳಲ್ಲಿ ನೊರೆಯ ದಪ್ಪಕ್ಕಾಗಿ ನಮ್ಮ ರೊಬಸ್ಟಾ ಸೇರುತ್ತದೆ. ಅದೇ ಬೀಜವನ್ನು ಇಟಲಿಯ ಪದ್ಧತಿಯಲ್ಲಿ ಇಳಿಸುವ ಯಂತ್ರ ಈಗ ಮಲೆನಾಡನ್ನು ದಾಟಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಬಯಲುಸೀಮೆಯ ಅಡುಗೆಮನೆಗೆ ಬಂದರೆ ಮೊದಲು ಎದುರಾಗುವ ಪ್ರಶ್ನೆ ಕಾಫಿಯದ್ದಲ್ಲ, ನೀರಿನದ್ದು.

ಈ ಭಾಗದಲ್ಲಿ ಮಳೆ ಕಡಿಮೆ. ಬಂಡೆಯ ಪದರಗಳ ಬಿರುಕಿನಿಂದ ಬರುವ ಕೊಳವೆಬಾವಿಯ ನೀರು ಬಹುತೇಕ ಗಡಸು, ಪಾವಗಡದ ಕಡೆಯಂತೂ ಫ್ಲೋರೈಡಿನ ತೊಂದರೆ ಹಳೆಯದು. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಸುಣ್ಣದ ರೂಪದಲ್ಲಿ ಬೇರ್ಪಟ್ಟು ಗಟ್ಟಿಯಾಗುತ್ತದೆ. ಗೀಸರಿನ ಕಾಯಿಲ್ ಮೇಲೂ ಸ್ನಾನದ ಹಂಡೆಯ ತಳದಲ್ಲೂ ಕಾಣುವ ಬಿಳಿ ಪೊರೆ ಅದೇ. ಹಂಡೆಯ ಪೊರೆಯನ್ನು ಕೆರೆದು ತೆಗೆಯಬಹುದು, ಆದರೆ ಎಸ್ಪ್ರೆಸೊ ಯಂತ್ರದ ಕೊಳವೆಗಳು ಕೆಲವೇ ಮಿಲಿಮೀಟರ್ ಅಗಲದವಾದ್ದರಿಂದ ಒಳಗೆ ಕಟ್ಟಿದ ಸುಣ್ಣ ನೀರನ್ನು ತಡೆಯುವುದಲ್ಲದೆ, ಬಿಸಿಯನ್ನು ಅಳೆಯುವ ಭಾಗವನ್ನೂ ದಾರಿತಪ್ಪಿಸುತ್ತದೆ. ಹಾಗೆಂದು ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ 20 ಲೀಟರಿನ ಕ್ಯಾನನ್ನು ಕಣ್ಣುಮುಚ್ಚಿ ಸುರಿಯುವುದೂ ಸರಿಯಲ್ಲ. ಆರ್‌ಒ ಸೋಸುವಿಕೆ ಲವಣಗಳನ್ನು ತೀರ ಇಲ್ಲವಾಗಿಸಿದ್ದರೆ ಕಾಫಿ ಸಪ್ಪೆಯಾಗುತ್ತದೆ, ಲೋಹವೂ ಸವೆಯಬಹುದು. ಪೆನ್ನಿನಷ್ಟು ಪುಟ್ಟ ಟಿಡಿಎಸ್ ಮೀಟರನ್ನು ನೀರಿನಲ್ಲಿ ಅದ್ದಿ ನೋಡಿ, ಲೀಟರಿಗೆ ಸುಮಾರು 100ರಿಂದ 150 ಮಿಲಿಗ್ರಾಂ ಲವಣ ತೋರಿಸುವ ನೀರನ್ನು ಆರಿಸಿಕೊಂಡರೆ ಸಾಕು. ಫ್ಲೋರೈಡ್ ಇರುವ ಕಡೆ ಕೊಳವೆಬಾವಿಯ ನೀರನ್ನು ಬೆರೆಸಿ ಲವಣ ಹೆಚ್ಚಿಸುವ ಉಪಾಯ ಸಲ್ಲದು, ಏಕೆಂದರೆ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಎರಡನೆಯ ತೊಡಕು ಪುಡಿಯದ್ದು. ಅಂಗಡಿಯ ಫಿಲ್ಟರ್ ಪುಡಿ ಇದಕ್ಕೆ ಒರಟು, ಅದರಲ್ಲಿ ಚಿಕೋರಿ ಇದ್ದರೆ ಅದು ನೆನೆದು ಜಾಲರಿಯನ್ನೇ ಕಟ್ಟಿಸುತ್ತದೆ. ಮಿಕ್ಸಿ ಜಾರಿನಲ್ಲಿ ಪುಡಿ ಒಂದೇ ಸಮ ಆಗುವುದಿಲ್ಲ. ಆದ್ದರಿಂದ ಯಂತ್ರದ ಬೆಲೆಗೆ ಹೊಂದುವಷ್ಟು ಹಣವನ್ನು ಬೀಸುವ ಗ್ರೈಂಡರಿಗೂ ಮೀಸಲಿಡುವುದು ವಿವೇಕ. ಅನೇಕರು ಎಡವುವುದು ಇಲ್ಲೇ. ತೂಗಿದ 18 ಗ್ರಾಂ ಪುಡಿಯನ್ನು ಹಿಡಿಯುಳ್ಳ ಬುಟ್ಟಿಗೆ ತುಂಬಿ, ಮೇಲ್ಮೈ ಓರೆಯಾಗದಂತೆ ಅದುಮಿ, ಯಂತ್ರಕ್ಕೆ ಸಿಕ್ಕಿಸಿ ಪಂಪು ಚಾಲು ಮಾಡಿದರೆ, ಮೊದಲ ಕೆಲವು ಸೆಕೆಂಡು ಏನೂ ಬೀಳದೆ, ಆಮೇಲೆ ಜೋನಿಬೆಲ್ಲದ ಹಾಗೆ ಕಪ್ಪನೆಯ ಎಳೆ ಇಳಿದು, ಕ್ರಮೇಣ ಬಣ್ಣ ತಿಳಿಯಾಗುತ್ತ ಹಳದಿಗೆ ತಿರುಗುತ್ತದೆ. ಸುಮಾರು 36 ಗ್ರಾಂ ರಸ 25ರಿಂದ 30 ಸೆಕೆಂಡಿನಲ್ಲಿ ಇಳಿದರೆ ಹದ ಸರಿಯಾಗಿದೆ ಎಂದರ್ಥ. ಹತ್ತು ಹನ್ನೆರಡು ಸೆಕೆಂಡಿಗೇ ಧಾರೆ ಸುರಿದು ರುಚಿ ಹುಳಿಯಾದರೆ ಪುಡಿಯನ್ನು ನುಣುಪಾಗಿಸಬೇಕು. ತೊಟ್ಟಿಕ್ಕುವುದೇ ಕಷ್ಟವಾಗಿ ಕಹಿಯಾದರೆ ಒರಟಾಗಿಸಬೇಕು. ಹಾಲಿಗೆ ಹಬೆ ಹಾಯಿಸುವವರು ಅದು 65 ಡಿಗ್ರಿ ಮೀರದಂತೆ ನೋಡಿಕೊಂಡು, ಹಬೆಯ ಕೊಳವೆಯನ್ನು ಆ ಕ್ಷಣವೇ ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಹಾಲು ಅಲ್ಲೇ ಒಣಗಿ ಗಟ್ಟಿಯಾಗುತ್ತದೆ.

ಇಂಥ ಯಂತ್ರಗಳಲ್ಲಿ ಹಲವು 1200ರಿಂದ 1500 ವ್ಯಾಟ್ ವಿದ್ಯುತ್ ಬೇಡುವುದರಿಂದ ಮನೆಯ ಸಾಮಾನ್ಯ ಇನ್ವರ್ಟರ್ ಸಾಲದು. 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇರುವ ಪಾವಗಡ ತಾಲ್ಲೂಕಿನಲ್ಲೂ ಕರೆಂಟು ಹೋದರೆ ಯಂತ್ರ ತಣ್ಣಗಾಗಿ, ಮರಳಿ ಬಂದ ಮೇಲೆ ಅದರ ದಪ್ಪ ಲೋಹದ ಭಾಗಗಳು ಕಾಯಲು ಕಾಲು ಗಂಟೆ ಬೇಕಾಗುತ್ತದೆ. ಅಷ್ಟರಲ್ಲಿ ಪಕ್ಕದ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದಿರುತ್ತದೆ.