ಗಾಲ್ಫ್ ಕಲಿಸುವ ಚಿತ್ರಗಳು: ಕಣ್ಣಿಗೆ ಕಾಣುವುದೆಷ್ಟು?

ನೆಲದ ಮೇಲೆ ಅಲುಗಾಡದೆ ಕುಳಿತಿರುವ ಚೆಂಡೊಂದನ್ನು ಕೋಲಿನಿಂದ ಹೊಡೆಯುವುದು ಮೇಲ್ನೋಟಕ್ಕೆ ಬಹು ಸುಲಭವಾದ ಕೆಲಸ. ಕ್ರಿಕೆಟ್ಟಿನಲ್ಲಿರುವಂತೆ ಚೆಂಡು ಎದುರಿನಿಂದ ಧಾವಿಸಿ ಬರುವುದಿಲ್ಲ. ಟೆನಿಸ್ಸಿನಲ್ಲಿರುವಂತೆ ಅದನ್ನು ಅಟ್ಟಿಕೊಂಡು ಓಡಬೇಕಾಗಿಯೂ ಇಲ್ಲ. ಹೀಗಿದ್ದರೂ ಗಾಲ್ಫ್ ಕಲಿಯಹೊರಟ ಹವ್ಯಾಸಿಗಳಲ್ಲಿ ಅನೇಕರು ಒಂದೇ ತಪ್ಪನ್ನು ವರ್ಷಗಟ್ಟಲೆ ಮಾಡುತ್ತ ಹೋಗುತ್ತಾರೆ. ತಪ್ಪನ್ನು ತಿದ್ದುವ ಉಪಾಯಗಳನ್ನು ಹೇಳಿಕೊಡುವ ವಿಡಿಯೋ ಚಾನೆಲುಗಳಿಗೂ ಪಾಡ್‌ಕಾಸ್ಟುಗಳಿಗೂ ಇಂದು ಕೊರತೆಯಿಲ್ಲ. ಅವುಗಳಿಂದ ಏನನ್ನು ಕಲಿಯಬಹುದು, ಏನನ್ನು ಕಲಿಯಲಾಗದು ಎಂಬುದನ್ನು ಭೌತವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸುವುದು ಸ್ವಾರಸ್ಯವಾದ ವಿಷಯ.

ಬೆಂಗಳೂರಿಗೆ ಗಾಲ್ಫ್ ಹೊಸ ಆಟವಲ್ಲ. ಇಲ್ಲಿನ ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಬಳಿ ಇರುವ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನ ಮಡಿವಾಳಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿದೆ. 1998ರಲ್ಲಿ ಇದೇ ನಗರದಲ್ಲಿ ಜನಿಸಿದ ಅದಿತಿ ಅಶೋಕ್, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಗಳಲ್ಲಿ ಕೇವಲ ಒಂದು ಹೊಡೆತದ ಅಂತರದಿಂದ ಪದಕ ತಪ್ಪಿ ನಾಲ್ಕನೆಯ ಸ್ಥಾನ ಪಡೆದುದನ್ನು ವಾಚಕರು ಬಲ್ಲರು.

ಆದರೆ ಮೈದಾನ ಸಮೀಪದಲ್ಲಿದ್ದ ಮಾತ್ರಕ್ಕೆ ಆಟವೂ ಸಮೀಪವಾಗುವುದಿಲ್ಲ. ಗಾಲ್ಫಿಗೆ ವಿಶಾಲವಾದ ಹಸಿರು ನೆಲ ಬೇಕು, ಬೆಲೆಬಾಳುವ ಕೋಲುಗಳು ಬೇಕು, ಶಿಕ್ಷಕನ ಸಂಭಾವನೆಗೆ ಹಣ ಬೇಕು. ಮಡಿವಾಳದ ಬಾಡಿಗೆ ಕೋಣೆಯಲ್ಲಿ ಇಬ್ಬರು ಮೂವರೊಡನೆ ವಾಸಿಸುವ ವಿದ್ಯಾರ್ಥಿಗೆ ಇವೆಲ್ಲ ಎಟುಕುವ ಮಾತಲ್ಲ. ಅವನ ಜೇಬಿನಲ್ಲಿರುವ ಮೊಬೈಲ್ ಫೋನು ಮಾತ್ರ ಈ ಅಂತರವನ್ನು ಕೊಂಚಮಟ್ಟಿಗೆ ಕಡಿಮೆಮಾಡಿದೆ. ಇಂಗ್ಲೆಂಡಿನ ರಿಕ್ ಶೀಲ್ಸ್ ಎಂಬ ವೃತ್ತಿಶಿಕ್ಷಕರ ಚಾನೆಲ್ಲಿಗೆ ಲಕ್ಷಗಟ್ಟಲೆ ಪ್ರೇಕ್ಷಕರಿದ್ದಾರೆ. ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಅಭ್ಯಸಿಸಿ, 2020 ಮತ್ತು 2024ರಲ್ಲಿ ಅಮೆರಿಕದ ಓಪನ್ ಪಂದ್ಯಾವಳಿಯನ್ನು ಗೆದ್ದ ಬ್ರೈಸನ್ ಡಿಶಾಂಬೊ ಕೂಡ ಇಂತಹದೇ ಒಂದು ಚಾನೆಲನ್ನು ನಡೆಸುತ್ತಾರೆ. ಶ್ರೇಷ್ಠ ಆಟಗಾರರ ಕೈಚಳಕ ಈಗ ಎಲ್ಲರ ಕಣ್ಣಿಗೂ ಬೀಳುತ್ತಿದೆ. ಕಣ್ಣಿಗೆ ಬಿದ್ದುದೆಲ್ಲ ಅರ್ಥವಾಗುತ್ತದೆಯೇ ಎಂಬುದೇ ಪ್ರಶ್ನೆ.

ಚಿತ್ರಕ್ಕೆ ಸಿಲುಕದ ಕ್ಷಣ

ಗಾಲ್ಫ್ ಕೋಲಿನ ಬೀಸನ್ನು ಬಿಡಿಬಿಡಿಯಾಗಿ ಚಿತ್ರಿಸುವ ಪ್ರಯತ್ನ ಇಂದಿನದಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ 1938ರಲ್ಲೇ ಕ್ಷಣಕ್ಷಣಕ್ಕೂ ಮಿಂಚಿ ಆರುವ ದೀಪದ ನೆರವಿನಿಂದ ಡೆನ್ಸ್‌ಮೋರ್ ಶೂಟ್ ಎಂಬ ಆಟಗಾರನ ಪೂರ್ಣ ಬೀಸನ್ನು ಒಂದೇ ಛಾಯಾಚಿತ್ರದಲ್ಲಿ ಸೆರೆಹಿಡಿದರು. ಅಂದು ಪ್ರಯೋಗಶಾಲೆಯೇ ಬೇಕಾಗಿದ್ದ ಕೆಲಸವನ್ನು ಇಂದಿನ ಫೋನು ಒಂದಿಷ್ಟು ಮಾಡಬಲ್ಲುದು. ಅನೇಕ ಫೋನುಗಳು ನಿಧಾನಗತಿಯ ಚಿತ್ರಣಕ್ಕಾಗಿ ಸೆಕೆಂಡಿಗೆ 240 ಚಿತ್ರಗಳನ್ನು ತೆಗೆಯುತ್ತವೆ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 240 ಚಿತ್ರಗಳೆಂದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಸುಮಾರು 4 ಮಿಲಿಸೆಕೆಂಡುಗಳ, ಅಂದರೆ ಸೆಕೆಂಡಿನ ಸಾವಿರದಲ್ಲಿ ನಾಲ್ಕು ಪಾಲಿನ ಅಂತರ. ಸಾಧಾರಣ ಹವ್ಯಾಸಿಯ ಕೋಲಿನ ತಲೆ ಚೆಂಡನ್ನು ತಾಗುವಾಗ ಸೆಕೆಂಡಿಗೆ 40 ಮೀಟರುಗಳಷ್ಟು ವೇಗದಲ್ಲಿರುತ್ತದೆಂದು ಇಟ್ಟುಕೊಂಡರೆ, ಎರಡು ಚಿತ್ರಗಳ ನಡುವಿನ ಅವಧಿಯಲ್ಲಿ ಅದು 16 ಸೆಂಟಿಮೀಟರುಗಳಿಗೂ ಹೆಚ್ಚು ದೂರ ಸಾಗಿಬಿಡುತ್ತದೆ. ಕೋಲಿಗೂ ಚೆಂಡಿಗೂ ಸಂಪರ್ಕವಿರುವುದಾದರೋ ಕೇವಲ ಅರ್ಧ ಮಿಲಿಸೆಕೆಂಡು. ಆದುದರಿಂದ ಎಂಟೊಂಬತ್ತು ಬಾರಿ ಚಿತ್ರಿಸಿದರೆ ಸುಮಾರು ಒಮ್ಮೆ ಮಾತ್ರ ಆ ಸಂಪರ್ಕ ಚಿತ್ರದಲ್ಲಿ ಸಿಕ್ಕೀತು. ಮಿಕ್ಕ ಸಲ ನಮಗೆ ಕಾಣುವುದು ಹೊಡೆತಕ್ಕೆ ಮುಂಚಿನ ಸ್ಥಿತಿ ಮತ್ತು ಹೊಡೆತವಾದ ಅನಂತರದ ಸ್ಥಿತಿ, ಹೊಡೆತವಲ್ಲ.

ಚೆಂಡಿನ ಭವಿಷ್ಯವೆಲ್ಲ ನಿರ್ಧಾರವಾಗುವುದು ಆ ಅರ್ಧ ಮಿಲಿಸೆಕೆಂಡಿನಲ್ಲಿ. ಸುಮಾರು 46 ಗ್ರಾಂ ತೂಕದ ಚೆಂಡು ಅಷ್ಟರೊಳಗೆ ಸೆಕೆಂಡಿಗೆ 58 ಮೀಟರುಗಳಷ್ಟು ವೇಗ ಪಡೆಯಬೇಕಾದರೆ ಅದರ ಮೇಲೆ ಬೀಳುವ ಸರಾಸರಿ ಬಲ 5,000 ನ್ಯೂಟನ್ನುಗಳಿಗೂ ಮಿಕ್ಕಿರಬೇಕು. ಇದು 500 ಕಿಲೋಗ್ರಾಂಗಿಂತ ಅಧಿಕವಾದ ಭಾರಕ್ಕೆ ಸಮ. ಹೊಡೆತದ ಅನುಭವ ಕೈಯಿಂದ ನರಗಳ ಮೂಲಕ ಮಿದುಳನ್ನು ಸೇರಲು ಸುಮಾರು 20 ಮಿಲಿಸೆಕೆಂಡುಗಳಾದರೂ ಬೇಕು. ಅಷ್ಟರಲ್ಲಿ ಚೆಂಡು ಒಂದು ಮೀಟರಿಗೂ ಹೆಚ್ಚು ದೂರ ಹಾರಿಹೋಗಿರುತ್ತದೆ! ‘ತಾಗುವಾಗ ಮಣಿಕಟ್ಟನ್ನು ಹೀಗೆ ತಿರುಗಿಸಿರಿ’ ಎಂದು ಬೋಧಿಸುವ ಶಿಕ್ಷಕ, ಯಾವ ಮನುಷ್ಯನೂ ಪ್ರಜ್ಞಾಪೂರ್ವಕವಾಗಿ ಮಾಡಲಾರದ ಕೆಲಸವನ್ನು ಹೇಳುತ್ತಿದ್ದಾನೆಂದೇ ತಿಳಿಯಬೇಕು.

ಬಾಗಿದ ಕೋಲಿನ ಭ್ರಮೆ

ಫೋನಿನಲ್ಲಿ ಚಿತ್ರಿಸಿದ ಬೀಸನ್ನು ಒಂದು ಚಿತ್ರದ ಬಳಿ ನಿಲ್ಲಿಸಿ ನೋಡಿದರೆ ಕೋಲು ಬಿಲ್ಲಿನಂತೆ ಬಾಗಿರುವುದು ಕೆಲವೊಮ್ಮೆ ಕಾಣುತ್ತದೆ. ತನ್ನ ಬಲಕ್ಕೆ ಉಕ್ಕೂ ಬಾಗಿತೆಂದು ಹವ್ಯಾಸಿ ಹಿಗ್ಗುವುದುಂಟು. ಬೀಸುವಾಗ ಕೋಲು ಸ್ವಲ್ಪ ಬಾಗುವುದು ನಿಜವೇ. ಎಡ್ಗರ್ಟನ್ನರ ಚಿತ್ರಗಳಲ್ಲಿಯೂ ಅದು ಕಾಣುತ್ತದೆ. ಆದರೆ ಫೋನು ತೋರಿಸುವ ಆ ವಿಪರೀತ ಬಾಗಿನಲ್ಲಿ ಬಹುಪಾಲು ಕ್ಯಾಮೆರಾದ ಸೃಷ್ಟಿ. ಫೋನಿನ ಕ್ಯಾಮೆರಾ ಇಡೀ ದೃಶ್ಯವನ್ನು ಏಕಕಾಲಕ್ಕೆ ಗ್ರಹಿಸುವುದಿಲ್ಲ. ಸಾಲು ಸಾಲಾಗಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಗ್ರಹಿಸುತ್ತ ಹೋಗುತ್ತದೆ. ಮೊದಲ ಸಾಲಿಗೂ ಕಡೆಯ ಸಾಲಿಗೂ ನಡುವೆ ಕೆಲವು ಮಿಲಿಸೆಕೆಂಡುಗಳು ಕಳೆಯುತ್ತವೆ. ಆ ಅವಧಿಯಲ್ಲಿ ಕೋಲು ಮುಂದೆ ಸರಿದಿರುತ್ತದೆ. ಹೀಗೆ ಬೇರೆ ಬೇರೆ ಕ್ಷಣಗಳಿಗೆ ಸೇರಿದ ಕೋಲಿನ ತುಂಡುಗಳು ಒಂದೇ ಚಿತ್ರದಲ್ಲಿ ಕೂಡಿಕೊಂಡು ನೇರವಾದ ಕೋಲು ಡೊಂಕಾಗಿ ತೋರುತ್ತದೆ.

ಇದನ್ನು ಪರೀಕ್ಷಿಸಲು ಗಾಲ್ಫ್ ಮೈದಾನಕ್ಕೆ ಹೋಗಬೇಕಾದುದಿಲ್ಲ. ವೇಗವಾಗಿ ತಿರುಗುತ್ತಿರುವ ಫ್ಯಾನನ್ನು ಒಳ್ಳೆಯ ಬೆಳಕಿನಲ್ಲಿ ಫೋನಿನಿಂದ ಚಿತ್ರಿಸಿರಿ. ಅದರ ರೆಕ್ಕೆಗಳು ಬಾಳೆಯ ಕಾಯಿಯಂತೆ ಬಾಗಿರುವುದನ್ನು ಕಾಣುವಿರಿ. ಫ್ಯಾನನ್ನು ನಿಲ್ಲಿಸಿದೊಡನೆ ಅವೇ ರೆಕ್ಕೆಗಳು ನೆಟ್ಟಗಾಗುತ್ತವೆ.

ಚೆಂಡು ಬಲಕ್ಕೆ ಹೊರಳುವುದೇಕೆ?

ಬಲಗೈ ಆಟಗಾರರಾದ ಹವ್ಯಾಸಿಗಳ ಚಿರಪರಿಚಿತ ದೋಷವೆಂದರೆ ಚೆಂಡು ಹಾರುತ್ತ ಹಾರುತ್ತ ಬಲಕ್ಕೆ ಹೊರಳುವುದು. ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಟರ್ ಗತ್ರೀ ಟೇಟ್ 1890ರ ದಶಕದಲ್ಲಿ ಗಾಲ್ಫ್ ಚೆಂಡಿನ ಹಾರಾಟವನ್ನು ಗಣಿತದಿಂದ ವಿವೇಚಿಸಿದರು. ಅವರ ಮಗ ಫ್ರೆಡರಿಕ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಚಾಂಪಿಯನ್ ಆದವನು. ಹೊಡೆತಕ್ಕೆ ಸಿಕ್ಕಿದ ಚೆಂಡು ಹಿಮ್ಮುಖವಾಗಿ ಸುತ್ತುತ್ತ ಸಾಗುತ್ತದೆ, ಆ ಸುತ್ತಿನಿಂದಲೇ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ ಎಂಬುದನ್ನು ಟೇಟ್ ತೋರಿಸಿಕೊಟ್ಟರು. ಸುತ್ತಿನ ಅಕ್ಷ ಸಮತಲವಾಗಿದ್ದರೆ ಚೆಂಡು ನೆಟ್ಟಗೆ ಮೇಲೇರುತ್ತದೆ; ಅಕ್ಷ ಒಂದು ಕಡೆಗೆ ವಾಲಿದರೆ ಚೆಂಡೂ ಆ ಕಡೆಗೆ ಹೊರಳುತ್ತದೆ. ಎರಡು ಕಾಗದದ ಲೋಟಗಳ ತಳಗಳನ್ನು ಒಂದಕ್ಕೊಂದು ಅಂಟಿಸಿ, ಮಧ್ಯದಲ್ಲಿ ರಬ್ಬರ್ ಪಟ್ಟಿಯನ್ನು ಸುತ್ತಿ, ಮೇಲ್ಭಾಗ ಹಿಂದಕ್ಕೂ ಕೆಳಭಾಗ ಮುಂದಕ್ಕೂ ತಿರುಗುವಂತೆ ಎಳೆದುಬಿಟ್ಟರೆ ಅದು ಗಾಳಿಯಲ್ಲಿ ಮೇಲೇರುವುದನ್ನು ಯಾರು ಬೇಕಾದರೂ ನೋಡಬಹುದು.

ಈ ಅಕ್ಷ ವಾಲುವುದೇಕೆ? ಕೋಲಿನ ತಲೆ ಸಾಗುವ ಹಾದಿ ಒಂದು ದಿಕ್ಕಿಗೂ, ತಲೆಯ ಮುಖ ಇನ್ನೊಂದು ದಿಕ್ಕಿಗೂ ಇರುವುದರಿಂದ. ಚೆಂಡು ಹೊರಡುವುದು ಕೋಲಿನ ಹಾದಿಯಲ್ಲೇ ಎಂದು ಬಹುಕಾಲ ಬೋಧಿಸುತ್ತಿದ್ದರು. ರಸ್ತೆಯಲ್ಲಿ ವಾಹನಗಳ ವೇಗವನ್ನು ಪೊಲೀಸರು ಅಳೆಯುವ ತತ್ತ್ವವನ್ನೇ ಬಳಸಿ ಚೆಂಡಿನ ಹಾರಾಟವನ್ನು ಅಳೆಯುವ ರೇಡಾರ್ ಯಂತ್ರಗಳು ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಮೇಲೆ ಈ ತಪ್ಪು ಎಲ್ಲರಿಗೂ ಮನವರಿಕೆಯಾಯಿತು. ಡೆನ್ಮಾರ್ಕಿನಲ್ಲಿ 2003ರಲ್ಲಿ ಸ್ಥಾಪಿತವಾದ ಟ್ರ್ಯಾಕ್‌ಮನ್ ಸಂಸ್ಥೆಯ ಯಂತ್ರ ಇವುಗಳಲ್ಲಿ ಪ್ರಸಿದ್ಧವಾದುದು. ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚಾಗಿ ನಿರ್ಧರಿಸುವುದು ಕೋಲಿನ ಮುಖ. ಹಾದಿಯ ಪಾಲು ಅಲ್ಪ.

ಇದರ ಫಲವನ್ನು ಗಮನಿಸಿರಿ. ಚೆಂಡು ಬಲಕ್ಕೆ ಹೊರಳುತ್ತದೆಂದು ಹವ್ಯಾಸಿ ಮತ್ತಷ್ಟು ಎಡಕ್ಕೆ ತಿರುಗಿ ನಿಂತು ಎಡಕ್ಕೆ ಬೀಸುತ್ತಾನೆ. ಆದರೆ ಅವನ ಕೈಗಳು ಕೋಲಿನ ಮುಖವನ್ನು ಗುರಿಯ ಕಡೆಗೇ ಇರಿಸುತ್ತವೆ. ಹಾದಿಗೂ ಮುಖಕ್ಕೂ ನಡುವಣ ಕೋನ ಹೆಚ್ಚುತ್ತದೆ. ಅಕ್ಷ ಇನ್ನಷ್ಟು ವಾಲುತ್ತದೆ. ಚೆಂಡು ಮೊದಲಿಗಿಂತಲೂ ಹೆಚ್ಚಾಗಿ ಬಲಕ್ಕೆ ಹೊರಳುತ್ತದೆ. ಅವನು ಮಾಡಿಕೊಂಡ ತಿದ್ದುಪಡಿಯೇ ದೋಷವನ್ನು ಬೆಳೆಸುತ್ತದೆ. ವರ್ಷಗಟ್ಟಲೆ ಒಂದೇ ತಪ್ಪು ಮುಂದುವರಿಯುವುದರ ಗುಟ್ಟು ಇಲ್ಲಿದೆ. ಈ ತಿಳಿವಳಿಕೆಯನ್ನು ಸಾಮಾನ್ಯ ಆಟಗಾರನವರೆಗೆ ತಲುಪಿಸಿದ ಶ್ರೇಯಸ್ಸಿನಲ್ಲಿ ವಿಡಿಯೋ ಚಾನೆಲುಗಳಿಗೆ ದೊಡ್ಡ ಪಾಲು ಸಲ್ಲಬೇಕು. ರೇಡಾರಿನ ಅಂಕಿಗಳನ್ನೂ ಚೆಂಡಿನ ಹಾರಾಟವನ್ನೂ ಒಟ್ಟಿಗೆ ತೋರಿಸಿ ಅವು ಇದನ್ನು ಎಲ್ಲರ ಕಣ್ಣೆದುರಿಗೆ ಇಟ್ಟಿವೆ.

ಬೆಂಗಳೂರಿನ ಗಾಳಿ

ಪರದೇಶದ ಚಾನೆಲುಗಳು ಸಾರುವ ಅಂಕಿಗಳನ್ನು ಹಾಗೆಯೇ ಒಪ್ಪುವಂತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರುಗಳಷ್ಟು ಎತ್ತರದಲ್ಲಿದೆ. ಉಷ್ಣತೆ ಒಂದೇ ಆಗಿದ್ದರೆ ಇಲ್ಲಿನ ಗಾಳಿಯ ಸಾಂದ್ರತೆ ಕಡಲ ತೀರದಲ್ಲಿರುವುದಕ್ಕಿಂತ ನೂರಕ್ಕೆ ಎಂಟರಿಂದ ಹತ್ತರಷ್ಟು ಕಡಿಮೆ. ಗಾಳಿ ತೆಳುವಾದಷ್ಟೂ ತಡೆ ಕಡಿಮೆ. ಚೆಂಡನ್ನು ಮೇಲಕ್ಕೆತ್ತುವ ಬಲವೂ ಕಡಿಮೆ. ಇವೆರಡರ ಒಟ್ಟು ಫಲವಾಗಿ, ಪೂರ್ಣ ಬಲದಿಂದ ಹೊಡೆದ ಚೆಂಡು ಮಂಗಳೂರಿನಲ್ಲಿಗಿಂತ ಬೆಂಗಳೂರಿನಲ್ಲಿ ಕೆಲವು ಮೀಟರುಗಳಷ್ಟು ಮುಂದೆ ಬೀಳುತ್ತದೆ. ಹೊಸ ಕೋಲಿನಿಂದ ಐದಾರು ಮೀಟರ್ ಲಾಭವಾಯಿತೆಂದು ನಂಬುವ ಮೊದಲು ಎತ್ತರ, ಗಾಳಿ, ಉಷ್ಣತೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಿವಿಯಿಂದ ಕಲಿಯುವ ಪಾಠ

ಪಾಡ್‌ಕಾಸ್ಟ್ ಎಂಬುದು ಬಯಸಿದಾಗ ಕೇಳಬಹುದಾದ ಬಾನುಲಿ ಭಾಷಣದಂತಹುದು. ಚಿತ್ರವಿಲ್ಲದೆ ಆಟವನ್ನು ಕಲಿಸುವುದು ವಿಚಿತ್ರವೆಂದು ತೋರಬಹುದು. ಆದರೆ ಕೈಕಾಲುಗಳ ಭಂಗಿಯನ್ನು ತೋರಿಸಲಾಗದ ಕಾರಣದಿಂದಲೇ ಇಲ್ಲಿ ಮಾತು ಯೋಜನೆಯ ಕಡೆಗೆ, ಲೆಕ್ಕಾಚಾರದ ಕಡೆಗೆ ಹೊರಳುತ್ತದೆ. ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಕ್ ಬ್ರಾಡಿ ಲಕ್ಷಗಟ್ಟಲೆ ಹೊಡೆತಗಳ ಅಂಕಿಅಂಶಗಳನ್ನು ಪರಿಶೀಲಿಸಿ 2014ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕುಳಿಯ ಬಳಿಯ ಕಿರುಹೊಡೆತಗಳೇ ಪಂದ್ಯವನ್ನು ನಿರ್ಣಯಿಸುತ್ತವೆ ಎಂಬ ಹಳೆಯ ನಂಬಿಕೆಗೆ ವಿರುದ್ಧವಾಗಿ, ಶ್ರೇಷ್ಠರಿಗೂ ಸಾಧಾರಣರಿಗೂ ಇರುವ ಅಂತರದ ಸುಮಾರು ಮೂರನೆಯ ಎರಡು ಪಾಲು ದೂರದ ಹೊಡೆತಗಳಿಂದ ಉಂಟಾಗುವುದೆಂದು ಅವರು ಕಂಡುಕೊಂಡರು. ಇಂತಹ ವಿಚಾರಗಳನ್ನು ಅರಿಯಲು ಕಿವಿಯೇ ಸಾಕು. ಆದರೂ ಇದು ಸರಾಸರಿಯ ಮಾತು, ಪ್ರತಿಯೊಬ್ಬರಿಗೂ ಅನ್ವಯಿಸುವ ನಿಯಮವಲ್ಲ. ಟೋಕಿಯೋದಲ್ಲಿ ಅದಿತಿ ಅಶೋಕ್ ದೂರದಲ್ಲಿ ಅನೇಕರಿಗಿಂತ ಹಿಂದಿದ್ದರೂ ಕಿರುಹೊಡೆತಗಳ ಬಲದಿಂದಲೇ ಮುಂದಿನ ಸಾಲಿನಲ್ಲಿ ಉಳಿದರು.

ಕಲಿಯುವವನ ಪಾಲಿನ ಕೆಲಸ

1999ರಲ್ಲಿ ಗಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು ಗಾಲ್ಫನ್ನೇ ಅರಿಯದವರಿಗೆ ಕಿರುಹೊಡೆತ ಕಲಿಸುವ ಪ್ರಯೋಗವೊಂದನ್ನು ಪ್ರಕಟಿಸಿದರು. ಒಂದು ಗುಂಪಿಗೆ ತಮ್ಮ ತೋಳುಗಳ ಚಲನೆಯನ್ನೂ, ಇನ್ನೊಂದು ಗುಂಪಿಗೆ ಕೋಲಿನ ಚಲನೆಯನ್ನೂ ಗಮನಿಸುವಂತೆ ಹೇಳಲಾಯಿತು. ಕೋಲನ್ನು ಗಮನಿಸಿದವರೇ ಹೆಚ್ಚು ನಿಖರವಾಗಿ ಹೊಡೆದರು. ಸಲಹೆಗಳನ್ನು ನಿಲ್ಲಿಸಿದ ಅನಂತರ ನಡೆಸಿದ ಪರೀಕ್ಷೆಯಲ್ಲಿಯೂ ಅವರೇ ಮುಂದಿದ್ದರು. ಮೊಣಕೈ, ಸೊಂಟ, ಮಣಿಕಟ್ಟು ಎಂದು ಅಂಗಾಂಗಗಳನ್ನು ಹೆಸರಿಸುವ ವಿಡಿಯೋಗಳನ್ನು ಒಂದರ ಮೇಲೊಂದು ನೋಡಿದ ಹವ್ಯಾಸಿ ಕೋಲು ಹಿಡಿದೊಡನೆ ಕಂಗೆಡುವುದೇಕೆಂದು ಇದರಿಂದ ಊಹಿಸಬಹುದು.

ಇದಕ್ಕಿಂತಲೂ ಮುಖ್ಯವಾದ ಮಾತೊಂದಿದೆ. ಶಿಷ್ಯ ಗುರುವನ್ನು ನೋಡುವಂತೆ ಗುರುವೂ ಶಿಷ್ಯನನ್ನು ನೋಡಬೇಕು. ಚಾನೆಲಿನ ಗುರುವಿಗೆ ಆ ಕಣ್ಣಿಲ್ಲ. ಒಬ್ಬನ ಚೆಂಡು ಬಲಕ್ಕೆ ಹೋದರೆ ಇನ್ನೊಬ್ಬನದು ಎಡಕ್ಕೆ ಹೋಗುತ್ತದೆ. ಇಬ್ಬರಿಗೂ ಅವನು ಹೇಳುವ ಮದ್ದು ಒಂದೇ. ಆದುದರಿಂದ ನೋಡುವವನು ತನ್ನ ತಪ್ಪನ್ನು ತಾನೇ ಗುರುತಿಸಿಕೊಳ್ಳಬೇಕಾಗುತ್ತದೆ. ಚೆಂಡು ಎಲ್ಲಿಂದ ಹೊರಟು ಎತ್ತ ಹೊರಳಿತು, ಎಷ್ಟು ಸಲ ಹಾಗಾಯಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಇಪ್ಪತ್ತು ಹೊಡೆತಗಳನ್ನು ಹೊಡೆದು ಫಲವನ್ನು ಹಿಂದಿನದರೊಡನೆ ಹೋಲಿಸಬೇಕು. ಪ್ರಯೋಗಶಾಲೆಯಲ್ಲಿ ನಮ್ಮ ಅಧ್ಯಾಪಕರು ಕಲಿಸುವ ಕ್ರಮವೂ ಇದೇ ಅಲ್ಲವೇ?

ಗಾಲ್ಫ್ ಮೈದಾನದ ಬಾಗಿಲು ಇಂದಿಗೂ ಎಲ್ಲರಿಗೂ ತೆರೆದಿಲ್ಲ. ಅದನ್ನು ತೆರೆಯುವುದು ಯಾವ ಚಾನೆಲಿನ ಕೈಯಲ್ಲಿಯೂ ಇಲ್ಲ. ಆದರೆ ಆ ಆಟದೊಳಗೆ ಅಡಗಿರುವ ವಿಜ್ಞಾನಕ್ಕೆ ಸದಸ್ಯತ್ವದ ಶುಲ್ಕವಿಲ್ಲ. ತಿರುಗುವ ಫ್ಯಾನು, ಎರಡು ಕಾಗದದ ಲೋಟಗಳು, ಒಂದು ಫೋನು, ಒಂದು ಟಿಪ್ಪಣಿ ಪುಸ್ತಕ: ಇಷ್ಟಿದ್ದರೆ ಮಡಿವಾಳದ ಚಿಕ್ಕ ಕೋಣೆಯಲ್ಲಿಯೂ ಅದನ್ನು ಅಭ್ಯಸಿಸಬಹುದು. ಮುಂದೊಂದು ದಿನ ಕೈಗೆ ಕೋಲು ಬಂದಾಗ, ಚೆಂಡು ಏಕೆ ಹಾಗೆ ಹಾರಿತೆಂದು ಆ ವಿದ್ಯಾರ್ಥಿ ಇನ್ನೊಬ್ಬರನ್ನು ಕೇಳಬೇಕಾಗುವುದಿಲ್ಲ.